ಭೂಸನೂರಿಗೊಂದು ತಂಡ ಸಿಕ್ಕಿದ ಬಗೆ

ರಣಜಿ ಟ್ರೋಫಿ ಶುರುವಾದ ನಾಲ್ಕನೇ ಋತುವಿಗೇ ಆಳಂದ ಸೀಮೆಯ ಭೂಸನೂರಿನ ಮಂದಿಯ ತಂಡ ದೇಶದ ಚಾಂಪಿಯನ್ ಆಗಿತ್ತು. ಕಾಗದದ ಮೇಲಾದರೂ ಹಾಗೆ ಹೇಳಲು ಅಡ್ಡಿಯಿಲ್ಲ. 1937-38ರ ಫೈನಲ್‌ನಲ್ಲಿ ಹೈದರಾಬಾದ್ ತಂಡ ನವಾನಗರವನ್ನು ಒಂದೇ ವಿಕೆಟ್ ಉಳಿಸಿಕೊಂಡು ಮಣಿಸಿತು. ಎದುಲ್ಜಿ ಐಬರಾ ಕೊನೆಯತನಕ ಔಟಾಗದೆ ಶತಕ ಹೊಡೆದಿದ್ದರು. ಆಳಂದ, ಅಫಜಲಪುರ, ಜೇವರ್ಗಿಗಳೆಲ್ಲ ಆಗ ನಿಜಾಮರ ರಾಜ್ಯದ ಗುಲಬರ್ಗಾ (ಇಂದಿನ ಕಲಬುರಗಿ) ಸುಭೆಯೊಳಗಿದ್ದವು. ಹಾಗಾಗಿ ಆ ಕಪ್ಪು ಲೆಕ್ಕಕ್ಕೆ ಇವರದೂ ಹೌದು. ಆದರೆ ಅದಕ್ಕಾಗಿ ಭೀಮಾ ತೀರದ ಯಾವ ಅಗಸಿಯಲ್ಲೂ ಹಲಗೆ ಬಡಿದಿರಲಾರದು. ಸಿಕಂದರಾಬಾದಿನ ಜಿಮಖಾನಾ, ನವಾಬ ಮೊಯಿನುದ್ದೌಲಾ ಹೆಸರಿನ ಚಿನ್ನದ ಕಪ್ಪು, ಫೌಜಿನ ಅಧಿಕಾರಿಗಳು, ಕಾಲೇಜು ಹುಡುಗರು: ಆ ಆಟದ ಲೋಕ ಇಷ್ಟೇ ಆಗಿತ್ತು. ಇನ್ನು 2025ರ ಜೂನ್ 3ರ ರಾತ್ರಿಯನ್ನು ನೋಡಿ. ಅಹಮದಾಬಾದಿನಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡ ಪಂಜಾಬನ್ನು 6 ರನ್‌ಗಳಿಂದ ಸೋಲಿಸಿ, 18ನೇ ಐಪಿಎಲ್‌ನಲ್ಲಿ ಮೊದಲ ಸಲ ಕಪ್ಪು ಎತ್ತಿದಾಗ ಬೀದರಿನಿಂದ ಚಾಮರಾಜನಗರದವರೆಗೆ ಪಟಾಕಿ ಸಿಡಿದವು. ಕಲಬುರಗಿಗೆ ಹೈದರಾಬಾದು 220 ಕಿಲೋಮೀಟರ್ ಆಸುಪಾಸು, ಬೆಂಗಳೂರು ಸುಮಾರು 600. ಪಕ್ಕದ ರಾಜಧಾನಿಯ ಗೆಲುವಿಗೆ ಮಿಸುಕದ ಸೀಮೆ ದೂರದ ರಾಜಧಾನಿಯ ತಂಡಕ್ಕೆ ಮನಸ್ಸು ಕೊಟ್ಟದ್ದು ಹೇಗೆ ಎಂಬುದು ಕೇಳಬೇಕಾದ ಪ್ರಶ್ನೆ.

ಇದಕ್ಕೆ ಸಿದ್ಧ ಉತ್ತರವೊಂದಿದೆ: ತಂಡ ಗೆಲ್ಲುತ್ತ ಹೋದರೆ ಜನ ಹಿಂದೆ ಬರುತ್ತಾರೆ, ಗೆಲುವಿನ ಸಾಲು ಉದ್ದವಾದಷ್ಟೂ ಅಭಿಮಾನಿಗಳ ಸಾಲೂ ಉದ್ದವಾಗುತ್ತದೆ. ಈ ಸೀಮೆಯ ಚರಿತ್ರೆಯನ್ನು ಎದುರಿಗಿಟ್ಟುಕೊಂಡರೆ ಈ ಉತ್ತರ ನಿಲ್ಲುವುದಿಲ್ಲ. ಇಲ್ಲಿನವರ ಹಕ್ಕಿನ ತಂಡಗಳು ಅತಿ ಹೆಚ್ಚು ಗೆದ್ದ ಕಾಲದಲ್ಲಿ ಅವುಗಳ ಬೆನ್ನಿಗೆ ಅತಿ ಕಡಿಮೆ ಮಂದಿಯಿದ್ದರು. ಅತಿ ಹೆಚ್ಚು ಮಂದಿ ನೆಚ್ಚಿದ್ದು 17 ವರ್ಷ ಏನೂ ಗೆಲ್ಲದ ತಂಡವನ್ನು. ನನ್ನ ವಾದ ಬೇರೆ. ಊರಿಗೆ ಆಟದ ಸುದ್ದಿ ದಿನಾ ಬರುವ ದಾರಿಯೊಂದು ಇರಬೇಕು, ಬಂದ ಸುದ್ದಿಯನ್ನು ಕಟ್ಟಿಯ ಮೇಲೆ ಕೂತು ಬಿಡಿಸಿ ಮಾತಾಡುವಷ್ಟು ಪುರಸೊತ್ತು ಇರಬೇಕು. ಇವೆರಡೂ ಒಂದೇ ತಿಂಗಳಲ್ಲಿ ಕೂಡಿಬಂದಾಗ ಅಭಿಮಾನಿ ಹುಟ್ಟುತ್ತಾನೆ. ಗೆಲುವಿನ ಸರಣಿ ಆಮೇಲೆ ಬಂದು ಅವನಿಗೆ ಮಾತಿನ ವಸ್ತುವಾಗುತ್ತದೆ, ಅಷ್ಟೆ.

ಕ್ರಿಕೆಟ್ಟಿಗಿಂತ ಮೊದಲು ಇಲ್ಲಿ ಅಭಿಮಾನ ಇರಲಿಲ್ಲವೆಂದಲ್ಲ. ಇತ್ತು, ಅದು ಪೈಲ್ವಾನನ ಕಡೆಗಿತ್ತು. ಜ್ವಾಳದ ರಾಶಿ ಮುಗಿದು ಬಿಸಿಲೇರುವ ಹೊತ್ತಿಗೆ ಈ ಭಾಗದ ಜಾತ್ರೆ, ಉರುಸುಗಳ ಕಾಲ. ಹೋಳಿ ಹುಣ್ಣಿಮೆಯ ಬೆನ್ನಿಗೆ ಕಲಬುರಗಿಯ ಶರಣಬಸವೇಶ್ವರರ ತೇರು. ಜಾತ್ರೆಯಿದ್ದಲ್ಲಿ ಜಂಗಿ ಕುಸ್ತಿ. ಚಿಕ್ಕ ಹುಡುಗರ ತೆಂಗಿನಕಾಯಿ ಕುಸ್ತಿಯಿಂದ ಶುರುವಾಗಿ ಹೊತ್ತು ಮುಳುಗುವ ವೇಳೆಗೆ ಬೆಳ್ಳಿ ಕಡಗದ ಕುಸ್ತಿಗೆ ಬಂದು ನಿಲ್ಲುವ ಕ್ರಮ ಇವತ್ತಿಗೂ ಇದೆ. ಸೊಲ್ಲಾಪುರ, ಕೊಲ್ಹಾಪುರದ ಕಡೆಯ ತಾಲೀಮುಗಳಿಂದ ಜಟ್ಟಿಗಳು ಬರುತ್ತಾರೆ. ಆಳಂದದಂಥ ಗಡಿ ತಾಲ್ಲೂಕಿನವರಿಗೆ ಶಾಹೂ ಮಹಾರಾಜರ ಕೊಲ್ಹಾಪುರದ ಖಾಸಬಾಗ್ ಅಖಾಡ ಮೈಸೂರಿನ ಗರಡಿಗಳಿಗಿಂತ ಹತ್ತಿರದ ಮಾತು. ಈ ಕುಸ್ತಿಯ ನೋಡುಗ ಇವತ್ತಿನ ಕ್ರಿಕೆಟ್ ಅಭಿಮಾನಿಯ ಮುತ್ತಾತ ಎನ್ನಲು ಕಾರಣವಿದೆ. ಇಂಥ ಪೈಲ್ವಾನ ಆ ಜಾತ್ರೆಯಲ್ಲಿ ಕಡಗ ಗೆದ್ದ, ಈ ಉರುಸಿನಲ್ಲೂ ಗೆದ್ದ, ಮುಂದಿನ ಊರಿನಲ್ಲಿ ಅವನನ್ನು ಚಿತ್ ಮಾಡುವವರು ಯಾರು ಎಂಬ ಎಣಿಕೆ ಸರಣಿಯ ಎಣಿಕೆಯೇ. ಬದುಕಿನುದ್ದಕ್ಕೂ ಸೋತಿಲ್ಲವೆಂಬ ಖ್ಯಾತಿಯ ಗಾಮಾ ಪೈಲ್ವಾನನ ಹೆಸರು ಅವನನ್ನು ಎಂದೂ ಕಾಣದ ಹಳ್ಳಿಗಳಲ್ಲೂ ಗಾದೆಯಂತೆ ಬಳಕೆಗೆ ಬಂದದ್ದು ಈ ದಾರಿಯಿಂದಲೇ. ಇಲ್ಲಿ ಎರಡು ಸಂಗತಿಗಳನ್ನು ಗುರುತಿಸಿಕೊಳ್ಳಬೇಕು. ಪೈಲ್ವಾನ ಯಾವ ಊರಿನವ, ಯಾವ ಭಾಷೆಯವ, ಯಾವ ಧರ್ಮದವ ಎಂಬುದು ನೋಡುಗರಿಗೆ ಅಡ್ಡಿಯಾಗುತ್ತಿರಲಿಲ್ಲ. ಮತ್ತು ಇದೆಲ್ಲ ನಡೆಯುತ್ತಿದ್ದದ್ದು ಹೊಲ ಖಾಲಿಯಿದ್ದಾಗ. ಈ ಎರಡನೇ ಸಂಗತಿಗೆ ಮುಂದೆ ಇನ್ನೂ ಕೆಲಸವಿದೆ.

1956ರ ನವೆಂಬರ್ 1ರಂದು ಗುಲಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಕಂದಾಯ, ಪೊಲೀಸು, ಶಾಲೆಗಳು ಒಂದೇ ಸಲಕ್ಕೆ ಬೆಂಗಳೂರಿನ ಕಡೆ ಮುಖ ತಿರುಗಿಸಿದವು. ಕ್ರಿಕೆಟ್ಟೂ ತಿರುಗಿತು, ಕಲಬುರಗಿಯನ್ನು ರಾಜ್ಯ ಕ್ರಿಕೆಟ್ ಸಂಸ್ಥೆಯ ರಾಯಚೂರು ವಲಯದಲ್ಲಿ ಎಣಿಸುವ ವ್ಯವಸ್ಥೆ ಇಂದಿಗೂ ಇದೆ. ಆದರೆ ಆಡಳಿತದ ನಕ್ಷೆ ಬದಲಾದ ಮಾತ್ರಕ್ಕೆ ಮನಸ್ಸಿನ ನಕ್ಷೆ ಬದಲಾಗುವುದಿಲ್ಲ. ತಂಡದ ಹೆಸರು ಇನ್ನೂ ಮೈಸೂರು. ಅದು ಅರಸರ ಹಳೆ ಸಂಸ್ಥಾನದ ಹೆಸರು, ಉತ್ತರದವರು ಸಂಕೋಚದಿಂದಲೇ ಹೊತ್ತುಕೊಂಡ ಹೆಸರು. ಜೊತೆಗೆ ಆ ತಂಡ ಎದುರಿಸಬೇಕಿದ್ದದ್ದು ಬೊಂಬಾಯಿಯನ್ನು. 1958-59ರಿಂದ 1972-73ರವರೆಗೆ ಬೊಂಬಾಯಿ ಸತತ 15 ಸಲ ರಣಜಿ ಗೆದ್ದಿತು. 1959-60ರ ಫೈನಲ್‌ನಲ್ಲಿ ಅದಕ್ಕೆ ಸೋತದ್ದು ಮೈಸೂರೇ. ಜಗತ್ತಿನ ಯಾವುದೇ ಆಟದಲ್ಲಿ ಹುಡುಕಿದರೂ ಇಂಥ ಸರಣಿ ಕೈಬೆರಳೆಣಿಕೆಯಷ್ಟು. ಗೆಲುವಿನ ಸಾಲೇ ಅಭಿಮಾನಿಗಳನ್ನು ಎಳೆಯುವುದಾದರೆ ಆಳಂದದವರು ಬೊಂಬಾಯಿಯ ಪಾಲಾಗಬೇಕಿತ್ತು. ಗುಲಬರ್ಗಾ ಬೊಂಬಾಯಿ-ಮದ್ರಾಸು ರೈಲು ದಾರಿಯ ಮೇಲಿದೆ. ದುಡಿಯಲು ಈ ಕಡೆಯ ಜನ ತಲೆಮಾರುಗಳಿಂದ ಹತ್ತಿದ್ದು ಅದೇ ದಾರಿಯ ಗಾಡಿಗಳನ್ನು. ಆದರೂ ಹಾಗಾಗಲಿಲ್ಲ.

1973ರ ನವೆಂಬರ್ 1ಕ್ಕೆ ರಾಜ್ಯದ ಹೆಸರು ಕರ್ನಾಟಕವಾಯಿತು. ಅದೇ ಋತುವಿನಲ್ಲಿ ಕರ್ನಾಟಕ ಎಂಬ ಹೊಸ ಹೆಸರಿನಲ್ಲಿ ಆಡಿದ ತಂಡ, ಎರಪಳ್ಳಿ ಪ್ರಸನ್ನ ನಾಯಕತ್ವದಲ್ಲಿ, ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಬೊಂಬಾಯಿಯ ಹದಿನೈದು ವರ್ಷಗಳ ಓಟಕ್ಕೆ ತಡೆ ಹಾಕಿತು. ಕರ್ನಾಟಕ 385: ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಬೊಂಬಾಯಿ 307. ಪ್ರಸನ್ನ ಗಾವಸ್ಕರ್ ಅವರನ್ನು ಬೌಲ್ಡ್ ಮಾಡಿದ್ದು, ವಾಡೇಕರ್ ಓಡುವಾಗ ಜಾರಿ ರನ್ ಔಟಾದದ್ದು ಆ ತಲೆಮಾರಿನವರ ಬಾಯಲ್ಲಿ ಪುರಾಣದಷ್ಟೇ ಗಟ್ಟಿಯಾಗಿ ಉಳಿಯಿತು. ಪಂದ್ಯ ಡ್ರಾ, ಮೊದಲ ಇನಿಂಗ್ಸ್‌ನ ಮುನ್ನಡೆಯೇ ತೀರ್ಪು. ಆಮೇಲೆ ಜೈಪುರದಲ್ಲಿ ರಾಜಸ್ಥಾನವನ್ನು 185 ರನ್‌ಗಳಿಂದ ಸೋಲಿಸಿ ಮೊದಲ ಟ್ರೋಫಿ. ನಾಮಕರಣವಾದ ಆರು ತಿಂಗಳೊಳಗೇ ರಾಜ್ಯಕ್ಕೆ ಹೆಮ್ಮೆಪಡಲು ಇದು ಸಿಕ್ಕಿತು. ಉತ್ತರದ ಜಿಲ್ಲೆಗಳವನೂ ನಮ್ಮವರು ಎಂದು ನಾಲಗೆ ತಡೆಯದೆ ಹೇಳಬಹುದಾದ ಮೊದಲ ತಂಡ ಇದೇ ಎಂದರೆ ತಪ್ಪಾಗದು. ಆದರೆ ಹೆಸರು ಬಾಗಿಲು ತೆರೆಯುತ್ತದೆ, ಒಳಗೆ ಕೂರಿಸುವುದಿಲ್ಲ. ಸೆಮಿಫೈನಲ್ ಸುದ್ದಿ ಬೆಂಗಳೂರಿನಲ್ಲಿ ಮುದ್ರಣವಾದ ಪತ್ರಿಕೆಯಲ್ಲಿ ಬಸ್ಸೇರಿ ಗುಲಬರ್ಗಾಕ್ಕೆ ಬಂದು ಅಲ್ಲಿಂದ ತಾಲ್ಲೂಕು ಮುಟ್ಟುವ ಹೊತ್ತಿಗೆ ಹಳಸಿರುತ್ತಿತ್ತು. ಹಳ್ಳಿಗೆ ತಾಜಾ ಸುದ್ದಿ ಬರುತ್ತಿದ್ದದ್ದು ರೇಡಿಯೋದಲ್ಲಿ, ಅದೂ ಯಾರ ಮನೆಯಲ್ಲೋ ಯಾವ ಅಂಗಡಿಯಲ್ಲೋ ಇದ್ದ ಒಂದೆರಡು ಪೆಟ್ಟಿಗೆಗಳಲ್ಲಿ. ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಬೇಕಿದ್ದ ಕಾಲವದು. ಗುಲಬರ್ಗಾ ಆಕಾಶವಾಣಿ ಕೇಂದ್ರ ಶುರುವಾದದ್ದೇ 1966ರಲ್ಲಿ.

ದೂರದ ತಂಡವನ್ನು ಕಿವಿಯಿಂದಲೇ ಕಟ್ಟಿಕೊಳ್ಳುವ ಈ ಬಗೆ ನಮ್ಮದಷ್ಟೇ ಅಲ್ಲ. ಅಮೆರಿಕದ ಅಯೋವಾ ಮೆಕ್ಕೆಜೋಳ ಬೆಳೆಯುವ ಒಕ್ಕಲುತನದ ರಾಜ್ಯ, ಅಲ್ಲಿಗೆ ಸ್ವಂತದ ದೊಡ್ಡ ಬೇಸ್‌ಬಾಲ್ ತಂಡವಿಲ್ಲ. 1930ರ ದಶಕದಲ್ಲಿ ಅಲ್ಲಿನ ಡಿ ಮೊಯಿನ್ ಪಟ್ಟಣದ ಡಬ್ಲ್ಯುಎಚ್‌ಒ ರೇಡಿಯೋದಲ್ಲಿ ರೊನಾಲ್ಡ್ ರೇಗನ್ ಎಂಬ ತರುಣ, ಮುಂದೆ ಆ ದೇಶದ ಅಧ್ಯಕ್ಷನಾದವನೇ, ಶಿಕಾಗೊ ಕಬ್ಸ್ ತಂಡದ ಪಂದ್ಯಗಳನ್ನು ವರ್ಣಿಸುತ್ತಿದ್ದ. ಅವನು ಮೈದಾನದಲ್ಲಿ ಇರುತ್ತಿರಲಿಲ್ಲ. ತಂತಿಯಲ್ಲಿ ಬರುತ್ತಿದ್ದ ನಾಲ್ಕಕ್ಷರದ ಸುದ್ದಿಯನ್ನು ಹಿಗ್ಗಿಸಿ, ಎದುರಿಗೇ ಕಾಣುತ್ತಿರುವಂತೆ ಹೇಳುತ್ತಿದ್ದ. 1935ರ ಸೆಪ್ಟೆಂಬರಿನಲ್ಲಿ ಕಬ್ಸ್ ಸತತ 21 ಪಂದ್ಯ ಗೆದ್ದು ಲೀಗಿನ ತಲೆಗೇರಿತು. ಒಂದು ಪಂದ್ಯ ಸೋತರೆ ಕಟ್ಟಿದ್ದೆಲ್ಲ ಕುಸಿಯುವ ಆ ಇಪ್ಪತ್ತು ಚಿಲ್ಲರೆ ದಿನಗಳನ್ನು ಶಿಕಾಗೊ ಕಾಣದ ಅಯೋವಾದ ರೈತರು ರೇಡಿಯೋ ಸುತ್ತ ಕಳೆದರು. ಕೊನೆಗೆ ವರ್ಲ್ಡ್ ಸೀರೀಸ್‌ನಲ್ಲಿ ಡೆಟ್ರಾಯಿಟ್ ಎದುರು ಕಬ್ಸ್ ಸೋತಿತು, ಅಯೋವಾದವರು ಕಬ್ಸ್ ಬಿಡಲಿಲ್ಲ. ಬೇಸ್‌ಬಾಲ್‌ನಲ್ಲಿ ಇದು ಸಾಧ್ಯವಾದದ್ದು ಆ ಆಟ ದಿನದಿನವೂ ನಡೆಯುತ್ತದೆಂಬ ಒಂದೇ ಕಾರಣಕ್ಕೆ. ಇವತ್ತು ಗೆದ್ದರು, ನಾಳೆ ಏನು ಎಂದು ಕೇಳಿಸಿಕೊಳ್ಳದೆ ಸರಣಿ ಸರಣಿಯಾಗುವುದಿಲ್ಲ. ರಣಜಿಗೆ ಆ ಗುಣವಿರಲಿಲ್ಲ. ಒಂದು ಪಂದ್ಯಕ್ಕೂ ಇನ್ನೊಂದಕ್ಕೂ ನಡುವೆ ವಾರಗಳ ಅಂತರ, ನಾಲ್ಕು ದಿನ ಆಡಿ ಡ್ರಾ.

ಇಲ್ಲಿ ಕಲಬುರಗಿ ಸೀಮೆಯ ಒಂದು ವಿಶೇಷವನ್ನು ಹೇಳಲೇಬೇಕು, ಏಕೆಂದರೆ ಹಿಂದುಳಿದ ಪ್ರದೇಶ ಎಂಬ ಮಾತಿನ ಅಡಿಯಲ್ಲಿ ಅದು ಹೂತುಹೋಗಿದೆ. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ನಡೆದ ಉಪಗ್ರಹ ಶೈಕ್ಷಣಿಕ ಟೆಲಿವಿಷನ್ ಪ್ರಯೋಗಕ್ಕೆ, ಅಂದರೆ ಸೈಟ್ ಯೋಜನೆಗೆ, ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಿದರು. ಕರ್ನಾಟಕದಿಂದ ಆಯ್ಕೆಯಾದದ್ದು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಗುಲಬರ್ಗಾದ ಹಳ್ಳಿಗರು ಅದಕ್ಕೂ ಆರು ವರ್ಷ ಮೊದಲೇ ಶಾಲೆ, ಪಂಚಾಯಿತಿಗಳಲ್ಲಿ ಇಟ್ಟ ಪೆಟ್ಟಿಗೆಗಳ ಮುಂದೆ ನೆಲದ ಮೇಲೆ ಕೂತಿದ್ದರು. 1977ರಲ್ಲಿ ಗುಲಬರ್ಗಾಕ್ಕೇ ದೂರದರ್ಶನ ಕೇಂದ್ರ ಬಂತು. ಅವರಿಗೆ ತೋರಿಸುತ್ತಿದ್ದದ್ದು ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಕ್ರಿಕೆಟ್ಟಲ್ಲ. ಅದರಿಂದೇನು ಬಂತು ಎಂದು ಕೇಳಬಹುದು. ಬಂದದ್ದು ಒಂದು ರೂಢಿ: ಸಂಜೆ ಹೊತ್ತು ಊರವರು ಒಂದೆಡೆ ಸೇರಿ ದೂರದ ಚಿತ್ರವನ್ನು ಒಟ್ಟಿಗೆ ನೋಡುವುದು, ನೋಡುತ್ತಲೇ ಜೋರಾಗಿ ಅಭಿಪ್ರಾಯ ಹೇಳುವುದು. ಕುಸ್ತಿ ಕಣದ ಸುತ್ತಿನ ರೂಢಿ ಪೆಟ್ಟಿಗೆಯ ಮುಂದಕ್ಕೆ ಬಂದು ಕೂತಿತು. ಮುಂದೆ 1983ರಲ್ಲಿ ವಿಶ್ವಕಪ್ ಬಂದಾಗ, 18 ವಿಕೆಟ್ ಕಿತ್ತ ರೋಜರ್ ಬಿನ್ನಿ, ಜಿಂಬಾಬ್ವೆ ಎದುರು ಕಪಿಲ್ ದೇವ್ ಜೊತೆ ಕೊನೆವರೆಗೂ ನಿಂತ ಸಯ್ಯದ್ ಕಿರ್ಮಾನಿ ಎಂಬ ಎರಡು ಕರ್ನಾಟಕದ ಹೆಸರುಗಳನ್ನು ಹಿಡಿದುಕೊಳ್ಳಲು ಮನಸ್ಸುಗಳು ತಯಾರಿದ್ದವು.

ಇನ್ನು ಗೆಲುವಿನ ಲೆಕ್ಕಕ್ಕೆ ಬರೋಣ. ಕರ್ನಾಟಕ ಆಮೇಲೆ 1977-78, 1982-83, 1995-96, 1997-98, 1998-99ರಲ್ಲೂ ರಣಜಿ ಗೆದ್ದಿತು. ಇವೆಲ್ಲವನ್ನೂ ನೆನಪಿಟ್ಟವರು ಕಡಿಮೆ. 1981-82ರ ಫೈನಲ್‌ನಲ್ಲಿ 705 ರನ್ ಹೊಡೆದೂ ದಿಲ್ಲಿಯ 8 ವಿಕೆಟ್‌ಗೆ 707ರ ಮುಂದೆ ಸೋತದ್ದನ್ನು ಮರೆತವರು ಅದಕ್ಕಿಂತ ಕಡಿಮೆ. ನಿಜವಾದ ಸರಣಿ ಬಂದದ್ದು 2013ರಿಂದ 2015ರ ನಡುವೆ, ವಿನಯ್ ಕುಮಾರ್ ನಾಯಕತ್ವದಲ್ಲಿ. ರಣಜಿ, ಇರಾನಿ, ವಿಜಯ್ ಹಜಾರೆ ಮೂರನ್ನೂ ಕರ್ನಾಟಕ ಒಂದೇ ಋತುವಿನಲ್ಲಿ ಗೆದ್ದಿತು, ಮರುವರ್ಷ ಮೂರನ್ನೂ ಮತ್ತೆ ಗೆದ್ದಿತು. 2014-15ರ ಫೈನಲ್‌ನಲ್ಲಿ ಕರುಣ್ ನಾಯರ್ 328 ರನ್ ಹೊಡೆದರು. ತಮಿಳುನಾಡು ಇನಿಂಗ್ಸ್ ಮತ್ತು 217 ರನ್‌ಗಳಿಂದ ನೆಲ ಕಚ್ಚಿತು. ಕನ್ನಡಿಗರ ಕ್ರಿಕೆಟ್ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಗೆಲುವಿನ ಸಾಲು ಇಲ್ಲ. 2013-14ರ ರಣಜಿ ಫೈನಲ್ ಅಂತೂ ನಡೆದದ್ದು ಹೈದರಾಬಾದಿನಲ್ಲಿ, ಆಳಂದದಿಂದ ಅರ್ಧ ದಿನದ ಬಸ್ ಪ್ರಯಾಣದಲ್ಲಿ. ಆದರೂ ಈ ಸರಣಿಯನ್ನು ಹಿಂಬಾಲಿಸಿ ಹೊರಟ ಜಾತ್ರೆ ಎಲ್ಲೂ ಕಾಣಲಿಲ್ಲ. ರಣಜಿಯ ಮೈದಾನಗಳು ಬೆಂಗಳೂರಿನಲ್ಲೇ ಖಾಲಿ ಹೊಡೆಯುತ್ತವೆ, ಹಳ್ಳಿಗಳ ಮಾತು ಎಲ್ಲಿ ಬಂತು.

ಇದಕ್ಕೆ ಜನರಿಗೆ ಕ್ರಿಕೆಟ್ಟಿನ ಸೂಕ್ಷ್ಮ ಗೊತ್ತಿಲ್ಲ, ಗ್ಲಾಮರ್ ಬೇಕು ಎಂದು ಬೈಯುವುದು ಸುಲಭ. ಬೈಯುವವರು ಪಂಚಾಂಗ ನೋಡಿಲ್ಲ. ರಣಜಿ ನಡೆಯುವುದು ಅಕ್ಟೋಬರಿನಿಂದ ಮಾರ್ಚಿನೊಳಗೆ. ಈ ಸೀಮೆಯ ಮುಖ್ಯ ಬೆಳೆ ತೊಗರಿ. ಜೂನ್-ಜುಲೈನಲ್ಲಿ ಬಿತ್ತಿದ್ದು ರಾಶಿಗೆ ಬರುವುದು ಡಿಸೆಂಬರ್-ಜನವರಿಗೆ. ಹಿಂಗಾರಿ ಜೋಳದ ಕೊಯ್ಲು ಫೆಬ್ರುವರಿ-ಮಾರ್ಚಿಗೆ. ಭೂಸನೂರಿನಲ್ಲಿ ಸಕ್ಕರೆ ಕಾರ್ಖಾನೆಯೇ ಇದೆ. ಕಬ್ಬು ನುರಿಯುವ ಹಂಗಾಮೂ ಇದೇ ಚಳಿಗಾಲದ ತಿಂಗಳುಗಳಲ್ಲಿ, ಕಡಿಯುವ ಗ್ಯಾಂಗುಗಳು ಹೊಲದಲ್ಲಿ, ಟ್ರ್ಯಾಕ್ಟರುಗಳು ಕಾರ್ಖಾನೆಯ ಗೇಟಿನ ಮುಂದೆ ಸರದಿಯಲ್ಲಿ. ಹಗಲು ಒಂಬತ್ತೂವರೆಗೆ ಶುರುವಾಗಿ ನಾಲ್ಕೈದು ದಿನ ನಡೆಯುವ ಪಂದ್ಯವನ್ನು ಹಿಂಬಾಲಿಸಲು ಈ ತಿಂಗಳುಗಳಲ್ಲಿ ಪುರಸೊತ್ತಿರುವವನು ಸಂಬಳದವನು ಮಾತ್ರ. ಐಪಿಎಲ್ ಬರುವುದು ಸಾಮಾನ್ಯವಾಗಿ ಮಾರ್ಚ್ ಕೊನೆಯಿಂದ ಮೇ ತನಕ, ಆಟ ರಾತ್ರಿ. ಹೊಲ ಬರಿದು, ಮುಂಗಾರು ಇನ್ನೂ ದೂರ, ಹಗಲ ಬಿಸಿಲು 40 ಡಿಗ್ರಿ ದಾಟಿ ಜನ ಹೊರಗೆ ಬರುವುದೇ ಹೊತ್ತು ಇಳಿದ ಮೇಲೆ. ಹಿಂದೆ ಜಾತ್ರೆಯ ಕುಸ್ತಿ ಹಿಡಿದುಕೊಂಡಿದ್ದ ತಿಂಗಳುಗಳನ್ನೇ ಈ ಟೂರ್ನಿ ಬಂದು ಹಿಡಿಯಿತು. ಆಯೋಜಕರು ಜೇವರ್ಗಿಯ ಒಕ್ಕಲುತನ ನೋಡಿ ದಿನ ಗೊತ್ತುಮಾಡಲಿಲ್ಲ, ಅಂತರರಾಷ್ಟ್ರೀಯ ಕ್ರಿಕೆಟ್ಟಿನ ಬಿಡುವನ್ನು ನೋಡಿ ಮಾಡಿದರು. ಕಾಕತಾಳೀಯವಾದರೂ ಫಲ ಒಂದೇ.

ಆ ಟೂರ್ನಿಯ ಮೊದಲ ದಿನ, 2008ರ ಏಪ್ರಿಲ್ 18ರಂದು, ಬೆಂಗಳೂರು ತಂಡ ತನ್ನದೇ ಅಂಗಳದಲ್ಲಿ 82ಕ್ಕೆ ಗಂಟುಮೂಟೆ ಕಟ್ಟಿತು. ಕೋಲ್ಕತ್ತದ ಎದುರು 140 ರನ್‌ಗಳ ಸೋಲು. ಮೆಕಲಮ್ ಒಬ್ಬನೇ ಅಜೇಯ 158. ಅಭಿಮಾನಕ್ಕೆ ಇದಕ್ಕಿಂತ ಕೆಟ್ಟ ಮುಹೂರ್ತವಿಲ್ಲ. ಆ ವರ್ಷ ಎಂಟು ತಂಡಗಳಲ್ಲಿ ಏಳನೇ ಸ್ಥಾನ. 2009ರಲ್ಲಿ ಫೈನಲ್, ಡೆಕ್ಕನ್ ಚಾರ್ಜರ್ಸ್ ಎದುರು 6 ರನ್‌ಗಳ ಸೋಲು. 2011ರಲ್ಲಿ ಕ್ರಿಸ್ ಗೇಲ್ ಬಂದಮೇಲೆ ಸತತ ಏಳು ಗೆಲುವು, ಫೈನಲ್‌ನಲ್ಲಿ ಚೆನ್ನೈಗೆ ಸೋಲು. 2016ರಲ್ಲಿ ವಿರಾಟ್ ಕೊಹ್ಲಿ 973 ರನ್, ಫೈನಲ್‌ನಲ್ಲಿ ಸನ್‌ರೈಸರ್ಸ್ ಎದುರು 8 ರನ್‌ಗಳ ಸೋಲು. ಗಮನಿಸಿ, ಈ ಮೂರರಲ್ಲಿ ಎರಡು ಫೈನಲ್‌ಗಳಲ್ಲಿ ಗೆದ್ದದ್ದು ಹೈದರಾಬಾದು. ಆಳಂದ ಸೀಮೆಯ ಹಳೆಯ ರಾಜಧಾನಿ, ಇವತ್ತಿಗೂ ದವಾಖಾನೆಗೆ, ಸಂತೆಗೆ, ಕೂಲಿಗೆ ಹತ್ತಿರವಾಗುವ ನಗರ. ಗೆದ್ದವರ ಹಿಂದೆ ಹೋಗುವುದೇ ಅಭಿಮಾನದ ನಿಯಮವಾಗಿದ್ದರೆ 2009ರಲ್ಲೋ 2016ರಲ್ಲೋ ಕಲ್ಯಾಣ ಕರ್ನಾಟಕ ಮೆಲ್ಲಗೆ ಆ ಕಡೆ ಸರಿಯಬೇಕಿತ್ತು. ಸರಿಯಲಿಲ್ಲ. ಬದಲಿಗೆ ‘ಈ ಸಲ ಕಪ್ ನಮ್ದೆ’ ಎಂಬ ಮಾತು ವರ್ಷದಿಂದ ವರ್ಷಕ್ಕೆ ಗಟ್ಟಿಯಾಯಿತು, ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುವ ಮಾತಾಗಿಯೂ ಹರಕೆಯಾಗಿಯೂ. 2018ರಿಂದ ಐಪಿಎಲ್‌ಗೆ ಕನ್ನಡದ ವೀಕ್ಷಕ ವಿವರಣೆ ಬಂತು, ಜೊತೆಗೆ ಅಗ್ಗದ ಡೇಟಾ ಬಂತು. ಸುದ್ದಿಯ ದಾರಿ ಪ್ರತಿಯೊಬ್ಬನ ಅಂಗೈಗೆ ಇಳಿಯಿತು.

2024ರ ಋತು ನನ್ನ ವಾದಕ್ಕೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ. ಮೊದಲ ಎಂಟು ಪಂದ್ಯಗಳಲ್ಲಿ ಬೆಂಗಳೂರು ಗೆದ್ದದ್ದು ಒಂದೇ ಒಂದು. ಅದರ ನಡುವೆ ಏಪ್ರಿಲ್ 15ರಂದು ಸನ್‌ರೈಸರ್ಸ್ ಚಿನ್ನಸ್ವಾಮಿಯಲ್ಲೇ 287 ರನ್ ಚಚ್ಚಿತು. ಹತ್ತು ದಿನಗಳ ನಂತರ ಹೈದರಾಬಾದಿಗೇ ಹೋಗಿ ಅದೇ ತಂಡವನ್ನು 35 ರನ್‌ಗಳಿಂದ ಸೋಲಿಸಿದ್ದರಿಂದ ಸರಣಿ ಶುರು. ಅಲ್ಲಿಂದ ಮೇ 18ರವರೆಗೆ ಸತತ ಆರು. ಕೊನೆಯದರಲ್ಲಿ ಬರೀ ಗೆದ್ದರೆ ಸಾಲದು, ರನ್ ರೇಟಿನಲ್ಲಿ ಚೆನ್ನೈಯನ್ನು ದಾಟಬೇಕು. 218 ಹೊಡೆದ ಮೇಲೆ ಚೆನ್ನೈಯನ್ನು 200ರೊಳಗೆ ನಿಲ್ಲಿಸಬೇಕು. ಯಶ್ ದಯಾಳ್ ಕೊನೆಯ ಓವರ್ ಎಸೆದರು, ಚೆನ್ನೈ 191ಕ್ಕೆ ನಿಂತಿತು. ನಾಲ್ಕು ದಿನಕ್ಕೆ ಎಲಿಮಿನೇಟರ್‌ನಲ್ಲಿ ರಾಜಸ್ಥಾನದ ಎದುರು ಸೋಲು. ಕಪ್ಪಿನ ಲೆಕ್ಕದಲ್ಲಿ ಇದು ಸೊನ್ನೆ. ಆದರೆ ಮೂರೂವರೆ ವಾರ ನಾಲ್ಕೈದು ದಿನಕ್ಕೊಮ್ಮೆ ಬದುಕಿ ಉಳಿಯುವ ಆಟ. ನಡುವಿನ ದಿನಗಳಲ್ಲಿ ಅವರು ಸೋಲಬೇಕು, ಇವರು ಇಷ್ಟರಿಂದ ಗೆಲ್ಲಬೇಕು ಎಂದು ಚಹಾದಂಗಡಿಯಲ್ಲಿ ಲೆಕ್ಕ. ಶಾಲೆಯಲ್ಲಿ ದಶಮಾಂಶಕ್ಕೆ ಹೆದರಿದವರೂ ನೆಟ್ ರನ್ ರೇಟನ್ನು ಮೂರನೇ ಸ್ಥಾನದವರೆಗೆ ಬಿಡಿಸುತ್ತಾರೆ. ಸರಣಿ ಅಭಿಮಾನಿಗೆ ಕೊಡುವುದು ಇದನ್ನೇ. ಗೆಲುವಿಗಿಂತ ಹೆಚ್ಚಾಗಿ, ಮುಂದಿನ ಪಂದ್ಯದವರೆಗೆ ಮಾತಾಡಲು ಕಾರಣ.

ಇದೆಲ್ಲ ಮಾರುಕಟ್ಟೆಯ ಆಟ, ಮದ್ಯದ ಬ್ರ್ಯಾಂಡಿನ ಹೆಸರು ಹೊತ್ತ ಕಂಪನಿ ತಂಡ, ಆಡುವವರು ದಿಲ್ಲಿ, ದಕ್ಷಿಣ ಆಫ್ರಿಕಾ, ವೆಸ್ಟ್ ಇಂಡೀಸಿನವರು, ಇದನ್ನು ನಾಡಿನ ಅಭಿಮಾನವೆನ್ನುವುದು ಮೋಸ ಎಂಬ ಆಕ್ಷೇಪವಿದೆ. ಅದರ ಅರ್ಧವನ್ನು ಒಪ್ಪಲೇಬೇಕು. 2008ರಲ್ಲಿ ವಿಜಯ್ ಮಲ್ಯ ಈ ತಂಡವನ್ನು 11.16 ಕೋಟಿ ಡಾಲರಿಗೆ ಕೊಂಡದ್ದು ಕನ್ನಡದ ಪ್ರೀತಿಗಲ್ಲ. ಆದರೆ ಅಯೋವಾದ ರೈತರು ಕಿವಿಗೊಟ್ಟ ಕಬ್ಸ್ ತಂಡವೂ ಚ್ಯೂಯಿಂಗ್ ಗಮ್ ಮಾರುವ ರಿಗ್ಲಿ ಕುಟುಂಬದ್ದೇ ಆಗಿತ್ತು. ಜಾತ್ರೆಯ ಕಣದಲ್ಲಿ ಕೊಲ್ಹಾಪುರದ ಪೈಲ್ವಾನನಿಗೆ ಜೈಕಾರ ಹಾಕಿದ ಸೀಮೆಗೆ ದಿಲ್ಲಿಯ ಕೊಹ್ಲಿ, ಪ್ರಿಟೋರಿಯಾದ ಡಿವಿಲಿಯರ್ಸ್ ಪರಕೀಯರಾಗಿ ಕಾಣಬೇಕಿಲ್ಲ. ಒಡೆತನ ಬೇರೆ, ಹಕ್ಕು ಬೇರೆ. ಮಾಲೀಕ ಎತ್ತಂಗಡಿ ಮಾಡಿದರೆ ಹಕ್ಕು ಗಾಳಿಗೆ ಹೋಗುತ್ತದೆ ಎಂಬುದೂ ಸತ್ಯವೇ. 1957ರ ಋತು ಮುಗಿದ ಮೇಲೆ ಡಾಜರ್ಸ್ ತಂಡವನ್ನು ಬ್ರೂಕ್ಲಿನ್‌ನಿಂದ ಲಾಸ್ ಏಂಜಲೀಸಿಗೆ ಒಯ್ದಾಗ ಬ್ರೂಕ್ಲಿನ್ ಜನಕ್ಕೆ ಅದನ್ನು ತಡೆಯುವ ಯಾವ ದಾರಿಯೂ ಇರಲಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಚುಚ್ಚುವಂಥದು. ಕಲ್ಯಾಣ ಕರ್ನಾಟಕಕ್ಕೆ ಬೆಂಗಳೂರಿನ ಮೇಲೆ ಹಳೆಯ ಮುನಿಸಿದೆ. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ 371-ಜೆ ವಿಧಿಗಾಗಿ ದಶಕಗಳ ಹೋರಾಟ ನಡೆದು ಅದು ಜಾರಿಗೆ ಬಂದದ್ದು 2013ರಲ್ಲಿ. ಹೈಕೋರ್ಟ್ ಪೀಠ ಕಲಬುರಗಿಗೆ ಬಂದದ್ದು 2008ರಲ್ಲಿ, ಐಪಿಎಲ್ ಶುರುವಾದ ವರ್ಷವೇ. ಅನುದಾನಕ್ಕೆ, ನೌಕರಿಗೆ, ನೀರಿಗೆ ಬೆಂಗಳೂರಿನೊಡನೆ ಜಗಳ, ಕ್ರಿಕೆಟ್ಟಿಗೆ ಮಾತ್ರ ಬೆಂಗಳೂರೇ ದೇವರು, ಇದೆಂಥ ಇಬ್ಬಂದಿ ಎನ್ನುವವರಿದ್ದಾರೆ. ನನಗಿದು ಇಬ್ಬಂದಿ ಎನ್ನಿಸುವುದಿಲ್ಲ. ಜಗಳ ಮಾಡುವುದು ಪಾಲು ಇರುವಲ್ಲಿ. ಹೈದರಾಬಾದಿನೊಡನೆ ಈಗ ಜಗಳಕ್ಕೂ ಪಾಲಿಲ್ಲ. ಜೊತೆಗೆ ದುಡಿಮೆಯ ಗುಳೆ ಮುಂಬಯಿ, ಪುಣೆ, ಹೈದರಾಬಾದುಗಳ ಜೊತೆ ಬೆಂಗಳೂರಿಗೂ ಹರಿಯುತ್ತದೆ. ಗಾರೆ ಕೆಲಸಕ್ಕೆ ಹೋದವನು, ಕಾಲೇಜಿಗೆ ಹೋದವಳು ಬೇಸಿಗೆಗೆ ಊರಿಗೆ ಬರುವಾಗ ಆ ನಗರದ ಜೆರ್ಸಿಯನ್ನೂ ತರುತ್ತಾರೆ. ಇದರಿಂದಲೇ ಅಭಿಮಾನ ಹುಟ್ಟಿತು ಎನ್ನಲಾಗದು, ಹಾಗಿದ್ದರೆ ಮುಂಬಯಿ ತಂಡಕ್ಕೆ ಇಲ್ಲಿ ಪಾರುಪತ್ಯ ಸಿಗಬೇಕಿತ್ತು. ಆದರೆ ಹುಟ್ಟಿದ್ದಕ್ಕೆ ಇದು ನೀರೆರೆದದ್ದು ಹೌದು.

2025ರಲ್ಲಿ ಸರಣಿ ಇನ್ನೊಂದು ರೂಪ ತಳೆಯಿತು. ಲೀಗ್ ಹಂತದಲ್ಲಿ ಹೊರ ಊರುಗಳಲ್ಲಿ ಆಡಿದ ಏಳಕ್ಕೆ ಏಳನ್ನೂ ಬೆಂಗಳೂರು ಗೆದ್ದಿತು, ಐಪಿಎಲ್‌ನಲ್ಲಿ ಹಿಂದೆ ಯಾರೂ ಮಾಡದ್ದನ್ನು. ಮೈದಾನದ ಹತ್ತಿರ ಇರುವವರಿಗೂ ಆರುನೂರು ಕಿಲೋಮೀಟರ್ ದೂರದವರಿಗೂ ಆ ಗೆಲುವುಗಳು ಸಮಾನವಾಗಿ ಪರದೆಯ ಮೇಲಿನವೇ ಆಗಿದ್ದವು. ಆದರೆ ಕಪ್ಪು ಬಂದ ಮರುದಿನ, ಜೂನ್ 4ರಂದು, ಪರದೆಯ ಅಭಿಮಾನ ಏಕಕಾಲಕ್ಕೆ ಒಂದು ಗೇಟಿನ ಮುಂದೆ ಬಂದು ನಿಂತಿತು. ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಮಂದಿ ಸತ್ತರು, ಬಹುತೇಕ ಎಳೆಯರು. ಇದನ್ನು ಅಭಿಮಾನಿಗಳ ಹುಚ್ಚು ಎಂದು ಷರಾ ಬರೆದು ಮುಗಿಸುವುದು ಅನ್ಯಾಯ. ಲಕ್ಷಾಂತರ ಜನ ನೋಡುವ ಆಟವನ್ನು ಮೂವತ್ತು ಸಾವಿರ ಚಿಲ್ಲರೆ ಆಸನಗಳ ಅಂಗಳಕ್ಕೆ ಕರೆಯುವಾಗ ಬರುವವರು ಎಷ್ಟೆಂದು ಎಣಿಸಬೇಕಾದವರು ಅಭಿಮಾನಿಗಳಲ್ಲ.

ಗೆಲುವೇ ಸಾಕೆನ್ನುವವರಿಗೂ ಊರಿನ ಹೆಸರೇ ಸಾಕೆನ್ನುವವರಿಗೂ ಒಂದು ಪರೀಕ್ಷೆ ಆಗಲೇ ನಡೆದುಹೋಗಿದೆ. 2022ರಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆ ಮಹಾರಾಜ ಟ್ರೋಫಿ ಟಿ20 ಶುರುಮಾಡಿದಾಗ ಗುಲಬರ್ಗಾ ಮಿಸ್ಟಿಕ್ಸ್ ಎಂಬ ತಂಡ ಹುಟ್ಟಿತು, ನಾಯಕ ಮನೀಷ್ ಪಾಂಡೆ. ಮೊದಲ ವರ್ಷವೇ ಆ ತಂಡ ಫೈನಲ್‌ನಲ್ಲಿ ಬೆಂಗಳೂರು ಬ್ಲಾಸ್ಟರ್ಸ್ ತಂಡವನ್ನು 11 ರನ್‌ಗಳಿಂದ ಸೋಲಿಸಿ ಕಪ್ಪು ಎತ್ತಿತು. ಕಲಬುರಗಿಯ ಹೆಸರು, ಎದುರಾಳಿ ಬೆಂಗಳೂರು, ಗೆಲುವು ಕಲಬುರಗಿಯದು. 1956ರಿಂದ ಕೂಡಿಟ್ಟ ಮುನಿಸಿಗೆ ಇದಕ್ಕಿಂತ ಸಿಹಿ ಉತ್ತರ ಬೇಕೆ? ಪಂದ್ಯಗಳು ನಡೆದದ್ದು ಮಾತ್ರ ಮೈಸೂರು ಮತ್ತು ಬೆಂಗಳೂರುಗಳಲ್ಲಿ. ನಡೆದ ತಿಂಗಳು ಆಗಸ್ಟ್: ತೊಗರಿಯಲ್ಲಿ ಎಡೆ ಹೊಡೆಯುವ, ಕಳೆ ತೆಗೆಯುವ, ಹೆಸರು-ಉದ್ದು ಕಟಾವಿಗೆ ಬರುವ, ಮಳೆ ಬಂದರೂ ಬಾರದಿದ್ದರೂ ಒಕ್ಕಲಿಗನಿಗೆ ತಲೆ ಎತ್ತಲಾಗದ ತಿಂಗಳು. ಆ ಕಪ್ಪಿಗೆ ಜೂನ್ 3ರಂಥ ರಾತ್ರಿ ಬರಲಿಲ್ಲ.